ಮನಸ್ಸನ್ನು ಅಳೆಯುವವರ ಹೊಣೆ

2025ನೆಯ ಇಸವಿ ಸೆಪ್ಟೆಂಬರ್ 22ರಂದು ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಆಯೋಗದವರು ಆರಂಭಿಸಿದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯು ಹಳೆಯ ಪ್ರಶ್ನೆಯೊಂದನ್ನು ಮತ್ತೆ ಜನರ ನಾಲಗೆಯ ಮೇಲೆ ತಂದಿತು. ಅರವತ್ತು ಪ್ರಶ್ನೆಗಳ ಪಟ್ಟಿಯನ್ನು ಹಿಡಿದು ಉಪಾಧ್ಯಾಯರು ಮನೆಬಾಗಿಲಿಗೆ ಬಂದರು. ಕೆಲವು ಸಂಘಗಳವರು ಹೈಕೋರ್ಟಿಗೆ ಹೋದರು. ನ್ಯಾಯಾಲಯವು ಸಮೀಕ್ಷೆಯನ್ನು ತಡೆಯಲಿಲ್ಲ. ಆದರೆ ಉತ್ತರ ಕೊಡುವಂತೆ ಯಾರನ್ನೂ ಬಲಾತ್ಕರಿಸತಕ್ಕದ್ದಲ್ಲವೆಂದೂ, ಬಂದ ಉತ್ತರಗಳನ್ನು ಗೋಪ್ಯವಾಗಿಡತಕ್ಕದ್ದೆಂದೂ ಸೆಪ್ಟೆಂಬರ್ 25ರಂದು ಅಪ್ಪಣೆ ಮಾಡಿತು. ಪಟ್ಟಣದ ವಿದ್ಯಾವಂತರು ವಕೀಲರ ಮೂಲಕ ಕೇಳಿದ ಮಾತನ್ನು ಚಾಮರಾಜನಗರ ತಾಲ್ಲೂಕಿನ ಕುದೇರಿನಂಥ ಊರಿನಲ್ಲಿ ಜಗಲಿಯ ಮೇಲೆ ಕುಳಿತ ಮುದುಕಿಯೊಬ್ಬಳು ನಾಲ್ಕೇ ಶಬ್ದಗಳಲ್ಲಿ ಕೇಳಿಬಿಡುತ್ತಾಳೆ: “ಇದ್ನೆಲ್ಲಾ ಬರ್ಕಂಡು ಏನ್ ಮಾಡೀರಪ್ಪ?” ಈ ಪ್ರಶ್ನೆಯನ್ನು ಅಜ್ಞಾನವೆಂದು ತಳ್ಳಿಹಾಕುವವರು 2015ರಲ್ಲಿ ಮನೆಮನೆಗೆ ಹೋಗಿ ಬರೆದುಕೊಂಡ ಸಮೀಕ್ಷೆಯ ವರದಿಯು ಸರ್ಕಾರದ ಕೈಗೆ ಬಂದದ್ದು 2024ರ ಫೆಬ್ರವರಿಯಲ್ಲಿ ಎಂಬುದನ್ನೂ, ಮರುವರ್ಷವೇ ಅದನ್ನು ಬದಿಗಿಟ್ಟು ಹೊಸ ಸಮೀಕ್ಷೆಗೆ ತೀರ್ಮಾನವಾಯಿತೆಂಬುದನ್ನೂ ನೆನೆಯಬೇಕು.

ಜಾತಿ, ಜಮೀನು, ವರಮಾನ ಇವು ಮನುಷ್ಯನ ಹೊರಗಿನ ಸಂಗತಿಗಳು. ಇವನ್ನು ಕೇಳಿದ್ದಕ್ಕೇ ಇಷ್ಟು ಆತಂಕವಾದರೆ, ಒಳಗಿನ ಸಂಗತಿಗಳನ್ನು ಕೇಳುವವರ ವಿಷಯದಲ್ಲಿ ನಾವೇಕೆ ಇಷ್ಟು ನಿಶ್ಚಿಂತರಾಗಿದ್ದೇವೆ? ನಿನ್ನ ಗಂಡ ನಿನ್ನನ್ನು ಹೊಡೆಯುತ್ತಾನೆಯೇ? ಸಾಯಬೇಕೆಂದು ನಿನಗೆ ಎಂದಾದರೂ ಅನಿಸಿದೆಯೇ? ಪಕ್ಕದ ಕೇರಿಯವರ ಮನೆಯ ನೀರನ್ನು ನೀನು ಕುಡಿಯುವೆಯಾ? ನಿನ್ನ ಮಗನಿಗೆ ಬುದ್ಧಿ ಸಾಲದೇ? ಇಂಥ ಪ್ರಶ್ನೆಗಳನ್ನು ಬರೆದುಕೊಂಡು ಊರಿಗೆ ಬರುವವರು ಈಗ ಕಡಿಮೆಯಲ್ಲ. ವಿಶ್ವವಿದ್ಯಾನಿಲಯಗಳ ಪದವಿಗಾಗಿ ಬರುವ ವಿದ್ಯಾರ್ಥಿಗಳು, ಆಸ್ಪತ್ರೆಗಳವರು, ಸೇವಾಸಂಸ್ಥೆಗಳವರು ಇವರಲ್ಲಿ ಸೇರಿದ್ದಾರೆ. ಇವರಲ್ಲಿ ಹೆಚ್ಚಿನವರು ಸದುದ್ದೇಶದಿಂದಲೇ ಬರುವವರೆಂಬುದರಲ್ಲಿ ನಮಗೆ ಸಂದೇಹವಿಲ್ಲ. ನಮ್ಮ ಸಂದೇಹವಿರುವುದು ಅವರ ಉದ್ದೇಶದಲ್ಲಲ್ಲ, ಅವರು ಹಿಡಿದು ಬರುವ ಸಮ್ಮತಿಪತ್ರದಲ್ಲಿ.

ಈ ಸಮ್ಮತಿಪತ್ರವೆಂಬುದು ಒಬ್ಬ ಮನುಷ್ಯನು ಹಾಕುವ ಒಂದು ರುಜು ಅಥವಾ ಹೆಬ್ಬೆಟ್ಟಿನ ಗುರುತು. ಹೆಸರನ್ನು ಹೊರಗೆ ಹೇಳುವುದಿಲ್ಲವೆಂಬ ಭರವಸೆಯನ್ನು ಅದರಲ್ಲಿ ಆತನಿಗೆ ಕೊಡಲಾಗುತ್ತದೆ. ಆದರೆ ಮನಶ್ಶಾಸ್ತ್ರದ ಸಂಶೋಧನೆಯಲ್ಲಿ ಒಂದು ವಿಶೇಷವಿದೆ. ಅದರ ಪೆಟ್ಟು ಉತ್ತರ ಕೊಟ್ಟವನಿಗೆ ಬೀಳುವುದಕ್ಕಿಂತ ಹೆಚ್ಚಾಗಿ, ಉತ್ತರವನ್ನೇ ಕೊಡದಿದ್ದ ಅವನ ಕೇರಿಗೆ, ಜಾತಿಗೆ, ಊರಿಗೆ ಬೀಳುತ್ತದೆ. ಹತ್ತು ಮಂದಿಯ ರುಜುವಿನಿಂದ ಹತ್ತು ಸಾವಿರ ಮಂದಿಯ ಮೇಲೆ ಮುದ್ರೆ ಬೀಳುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ನಮ್ಮ ಗಾದೆ ಇಲ್ಲಿ ಒಪ್ಪುವಷ್ಟು ಬೇರೆಲ್ಲಿಯೂ ಒಪ್ಪದು. 1988ರಲ್ಲಿ ಅಮೆರಿಕೆಯ ಜೋನ್ ಸೀಬರ್ ಮತ್ತು ಬಾರ್ಬರಾ ಸ್ಟ್ಯಾನ್ಲಿ ಎಂಬ ವಿದುಷಿಯರು ಇಂಥ ಸಂಶೋಧನೆಗೆ ‘ಸಾಮಾಜಿಕವಾಗಿ ಸೂಕ್ಷ್ಮವಾದ ಸಂಶೋಧನೆ’ ಎಂಬ ಹೆಸರನ್ನಿಟ್ಟು, ದೋಷವು ಪ್ರಯೋಗ ನಡೆಯುವಾಗ ಮಾತ್ರವೇ ಹುಟ್ಟುವುದಿಲ್ಲ, ಪ್ರಶ್ನೆಯನ್ನು ರಚಿಸುವಾಗಲೂ, ಸಂಶೋಧನೆಯನ್ನು ನಡೆಸುವ ಸಂಸ್ಥೆಯ ಹಿತಾಸಕ್ತಿಯಿಂದಲೂ, ಫಲವನ್ನು ಅರ್ಥೈಸಿ ಬಳಸುವಾಗಲೂ ಹುಟ್ಟುತ್ತದೆಂದು ತೋರಿಸಿಕೊಟ್ಟರು. ನಮ್ಮ ಸಮ್ಮತಿಪತ್ರಗಳು ಇವುಗಳಲ್ಲಿ ನಡುವಣ ಒಂದು ಹಂತವನ್ನು ಮಾತ್ರ ಕಾಯುತ್ತವೆ.

ಇದು ದೂರದೇಶದ ವಿಚಾರವೆಂದು ವಾಚಕರು ತಿಳಿಯಬೇಕಾಗಿಲ್ಲ. ಈಗ ಚಾಮರಾಜನಗರ ಜಿಲ್ಲೆಯಲ್ಲಿ ಸೇರಿರುವ ಕೊಳ್ಳೇಗಾಲದ ಸೀಮೆಯು 1956ರವರೆಗೆ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಯ ಭಾಗವಾಗಿದ್ದಿತು. ಆ ಆಧಿಪತ್ಯದ ಜನರ ಮೂಗಿನ ಅಗಲವನ್ನೂ ತಲೆಯ ಉದ್ದವನ್ನೂ ಲೋಹದ ಕೈವಾರದಿಂದ ಅಳೆದು ಎಡ್ಗರ್ ಥರ್ಸ್ಟನ್ ಎಂಬ ಆಂಗ್ಲ ಅಧಿಕಾರಿಯು 1909ರಲ್ಲಿ ಏಳು ಸಂಪುಟಗಳನ್ನು ಪ್ರಕಟಿಸಿದನು. ನಮ್ಮ ಬೆಟ್ಟದ ಸೋಲಿಗರೂ ಅವುಗಳಲ್ಲಿದ್ದಾರೆ. ಮೈಸೂರು ಸಂಸ್ಥಾನದಲ್ಲಿ ಎಚ್. ವಿ. ನಂಜುಂಡಯ್ಯನವರೂ ಅವರ ತರುವಾಯ ಎಲ್. ಕೆ. ಅನಂತಕೃಷ್ಣ ಅಯ್ಯರವರೂ ಇದೇ ಬಗೆಯ ಸಂಪುಟಗಳನ್ನು ಸಿದ್ಧಪಡಿಸಿದರು. ಆ ಗ್ರಂಥಗಳಿಂದ ನಮಗೆ ದೊರೆತ ಪ್ರಯೋಜನವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಕಾಲದಲ್ಲಿಯೇ 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಹುಟ್ಟಿನಿಂದಲೇ ಕಳ್ಳರಾದ ಜನರಿದ್ದಾರೆಂಬ ನಂಬಿಕೆಯ ಮೇಲೆ ನಿಂತಿದ್ದಿತು. ಜನಗಳ ಸ್ವಭಾವವನ್ನು ಜಾತಿವಾರು ವರ್ಣಿಸುವ ಶಾಸ್ತ್ರವು ಆ ನಂಬಿಕೆಗೆ ವಿದ್ಯೆಯ ಉಡುಪನ್ನು ತೊಡಿಸಿತು. ಸ್ವಾತಂತ್ರ್ಯ ಬಂದ ಬಳಿಕ, 1952ರಲ್ಲಿ, ಕಾಯಿದೆ ರದ್ದಾಯಿತು. ಆ ಜನಗಳ ಮೇಲಣ ಪೋಲೀಸರ ಸಂಶಯವೂ ಅದರೊಡನೆಯೇ ರದ್ದಾಯಿತೆಂದು ಯಾರು ಹೇಳಬಲ್ಲರು?

ಕೈವಾರವು ಮೂಗಿನಿಂದ ಮನಸ್ಸಿಗೆ ಸರಿದದ್ದು ಆ ಬಳಿಕ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ವಿಭಾಗವು 1924ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರಿಂದ ಆರಂಭವಾಯಿತು. (1935ರಲ್ಲಿ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವನ್ನು ಸ್ಥಾಪಿಸಿದವರೂ ಇವರೇ, ‘ಆಕಾಶವಾಣಿ’ ಎಂದೊಡನೆ ಮೈಸೂರಿನವರು ನೆನೆಯುವ ಹೆಸರು ಇವರದು.) ಅವರ ವಿಭಾಗ ಆರಂಭವಾದ ಕಾಲ ಎಂಥದೆಂಬುದನ್ನು ಗಮನಿಸಬೇಕು. ಸರ್ ಲೆಸ್ಲಿ ಮಿಲ್ಲರ್‌ರವರ ಕಮಿಟಿಯು 1919ರಲ್ಲಿ ವರದಿ ಕೊಟ್ಟು, ಸರ್ಕಾರಿ ನೌಕರಿಗಳಲ್ಲಿ ಬ್ರಾಹ್ಮಣೇತರ ಸಮಾಜಗಳಿಗೆ ನ್ಯಾಯವಾದ ಭಾಗ ದೊರೆಯಬೇಕೆಂದು ಹೇಳಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಇದರಿಂದ ದಕ್ಷತೆ ಕೆಡುವುದೆಂದು ಒಂದು ಪಕ್ಷದವರು, ಅವಕಾಶವಿಲ್ಲದೆ ದಕ್ಷತೆ ಎಲ್ಲಿಂದ ಬರಬೇಕೆಂದು ಇನ್ನೊಂದು ಪಕ್ಷದವರು ವಾದಿಸುತ್ತಿದ್ದರು. ಇಂಥ ಕಾಲದಲ್ಲಿ ಬುದ್ಧಿಯನ್ನು ಅಂಕಿಯಲ್ಲಿ ಹೇಳುತ್ತೇನೆಂಬ ವಿದ್ಯೆಯೊಂದು ಬಂದರೆ, ಅದರ ಅಂಕಿಗಾಗಿ ಎರಡು ಪಕ್ಷದವರೂ ಕೈಚಾಚುವುದು ಸಹಜ.

ಹಾಗೆ ಕೈಚಾಚಿದಾಗ ಏನಾಗುತ್ತದೆಂಬುದನ್ನು ಅಮೆರಿಕೆಯಲ್ಲಿ ಕಂಡಿದ್ದೇವೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿ 17 ಲಕ್ಷಕ್ಕೂ ಹೆಚ್ಚು ಸೈನಿಕರ ಬುದ್ಧಿಯನ್ನು ಪರೀಕ್ಷಿಸಿದರು. ಆ ಅಂಕಿಗಳನ್ನು ಹಿಡಿದು ಕಾರ್ಲ್ ಬ್ರಿಗಮ್ ಎಂಬ ಪಂಡಿತನು 1923ರಲ್ಲಿ ಗ್ರಂಥ ಬರೆದು, ದಕ್ಷಿಣ ಮತ್ತು ಪೂರ್ವ ಯುರೋಪಿನಿಂದ ಬಂದವರು ಬುದ್ಧಿಯಲ್ಲಿ ಕೀಳೆಂದು ಸಾರಿದನು. ಮರುವರ್ಷವೇ ಆ ದೇಶಗಳವರ ವಲಸೆಗೆ ಕಟ್ಟುನಿಟ್ಟಾದ ಮಿತಿ ಹಾಕುವ ಕಾಯಿದೆಯು ಬಂದಿತು. ಕಾಯಿದೆಗೆ ಆ ಗ್ರಂಥವೇ ಕಾರಣವೆಂದು ನಾವು ಹೇಳೆವು. ಕಾಯಿದೆ ಬೇಕಾದವರಿಗೆ ಗ್ರಂಥವು ಒದಗಿ ಬಂದಿತೆಂಬುದು ಮಾತ್ರ ದಿಟ. 1930ರಲ್ಲಿ ಬ್ರಿಗಮ್‌ನೇ ತನ್ನ ತೀರ್ಮಾನಕ್ಕೆ ಆಧಾರವಿಲ್ಲವೆಂದು ಬಹಿರಂಗವಾಗಿ ಒಪ್ಪಿಕೊಂಡನು. ಇಂಗ್ಲಿಷ್ ಬಾರದವನ ಇಂಗ್ಲಿಷನ್ನು ಅಳೆದು ಅದನ್ನೇ ಬುದ್ಧಿಯೆಂದು ಕರೆದಂತಾಗಿತ್ತು. ಪಂಡಿತನು ಏಳು ವರ್ಷಗಳಲ್ಲಿ ಮಾತನ್ನು ಹಿಂದಕ್ಕೆ ತೆಗೆದುಕೊಂಡನು. ಕಾಯಿದೆಯ ಆ ಮಿತಿಗಳು 1965ರವರೆಗೆ ನಿಂತವು.

ನಮ್ಮಲ್ಲಿಯೂ ಇದಕ್ಕೆ ಹತ್ತಿರದ ವಸ್ತುವೊಂದಿದೆ. ವಿ. ವಿ. ಕಾಮತರು ಧಾರವಾಡದ ಕಡೆಯ ಕನ್ನಡ ಮತ್ತು ಮರಾಠಿ ಮಕ್ಕಳನ್ನು ಪರೀಕ್ಷಿಸಿ, ಫ್ರಾನ್ಸಿನ ಬಿನೆಯ ಬುದ್ಧಿಪರೀಕ್ಷೆಯನ್ನು ನಮ್ಮ ನಾಡಿಗೆ ಹೊಂದುವಂತೆ ತಿದ್ದಿ, 1940ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಕನ್ನಡದ ಮಗುವನ್ನು ಕನ್ನಡದಲ್ಲಿಯೇ ಕೇಳಬೇಕೆಂದು ಆ ಕಾಲದಲ್ಲಿ ಅವರು ದುಡಿದದ್ದು ದೊಡ್ಡ ಕೆಲಸ. ಅವರನ್ನು ನಾವು ಗೌರವದಿಂದ ನೆನೆಯುತ್ತೇವೆ. ಆದರೆ ಅವರು ತೀರಿಹೋದ ಬಹುಕಾಲದ ಮೇಲೆಯೂ ‘ಬಿನೆ-ಕಾಮತ್ ಪರೀಕ್ಷೆ’ಯು ನಮ್ಮ ಆಸ್ಪತ್ರೆಗಳಲ್ಲಿ ನಡೆದುಕೊಂಡು ಬಂದಿದೆ. ಬೌದ್ಧಿಕ ಅಂಗವೈಕಲ್ಯದ ಪ್ರಮಾಣಪತ್ರಕ್ಕಾಗಿ ಮಗುವನ್ನು ಕರೆತಂದಾಗ ಅದನ್ನು ಅಳೆಯುವ ಕೋಲುಗಳಲ್ಲಿ ಅದೂ ಒಂದು. ಕುದೇರಿನ ಬಡ ರೈತನೊಬ್ಬನ ಮಗಳನ್ನು ಚಾಮರಾಜನಗರದ ಆಸ್ಪತ್ರೆಗೆ ಕರೆದೊಯ್ದರೆಂದು ಭಾವಿಸೋಣ. ತನ್ನ ಸೀಮೆಯ ಮಾತನ್ನಾಡುವ ಆ ಹುಡುಗಿಯನ್ನು ತೊಂಬತ್ತು ವರ್ಷಗಳ ಹಿಂದಿನ ಧಾರವಾಡದ ಶಾಲಾಮಕ್ಕಳ ಪಕ್ಕದಲ್ಲಿ ನಿಲ್ಲಿಸಿ, ನೀನು ಅವರಿಗಿಂತ ಎಷ್ಟು ಕುಳ್ಳು ಎಂದು ಕೇಳಿದರೆ ಹೇಗೆ?

ಇಲ್ಲಿ ಒಂದು ಸೂಕ್ಷ್ಮವಿದೆ. ಅದನ್ನು ಅವಸರದಲ್ಲಿ ದಾಟಬಾರದು. ಹಳೆಯ ಕೋಲಿನಿಂದ ಅಳೆದರೆ ಮಗುವಿಗೆ ಕಡಿಮೆ ಅಂಕಿ ಬಂದು ಅನ್ಯಾಯವಾಗುವುದೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ತಲೆಮಾರಿನಿಂದ ತಲೆಮಾರಿಗೆ ಇಂಥ ಪರೀಕ್ಷೆಗಳಲ್ಲಿ ಮಕ್ಕಳ ಅಂಕಿ ಏರುತ್ತ ಬಂದಿರುವುದನ್ನು ಲೋಕದ ಅನೇಕ ದೇಶಗಳಲ್ಲಿ ಕಂಡಿದ್ದಾರೆ. ಆದ್ದರಿಂದ ಹಳೆಯ ಕೋಲು ಈಗಿನ ಮಗುವನ್ನು ಇದ್ದುದಕ್ಕಿಂತ ಎತ್ತರವಾಗಿಯೂ ತೋರಿಸಬಹುದು. ಸಾಮಾನ್ಯವಾಗಿ ಎಪ್ಪತ್ತರ ಕೆಳಗಿನ ಅಂಕಿಯನ್ನು ಮಂದಬುದ್ಧಿಯ ಗಡಿಯೆಂದು ಎಣಿಸುವ ಪದ್ಧತಿಯಿರುವುದರಿಂದ, ಎಪ್ಪತ್ತೈದು ಬಂದ ಮಗುವಿಗೆ ಮಾಸಾಶನವೂ ಇಲ್ಲ, ವಿಶೇಷ ಪಾಠವೂ ಇಲ್ಲ. ಶಾಲೆಯಲ್ಲಿ ಮಾತ್ರ ದಡ್ಡನೆಂಬ ಬಿರುದು ತಪ್ಪುವುದಿಲ್ಲ. ಇತ್ತ ಪರೀಕ್ಷಕನ ಮಾತು ಮಗುವಿಗೆ ಅರ್ಥವಾಗದೆಹೋದರೆ ಅಂಕಿ ಇಳಿದು ಇನ್ನೊಂದು ಬಗೆಯ ಅನ್ಯಾಯ. ಎರಡು ತಪ್ಪುಗಳು ಒಂದನ್ನೊಂದು ಸರಿಮಾಡಿಕೊಳ್ಳುವುವೆಂದು ನಂಬಿ ಕೂರುವುದು ಶಾಸ್ತ್ರವೆನಿಸದು. ಪರೀಕ್ಷೆಯ ದೋಷಗಳನ್ನು ಬೆಂಗಳೂರಿನ ವಿದ್ವಾಂಸರೇ ಬರೆದು ತೋರಿಸಿದ್ದಾರೆ. ಹೊಸದಾಗಿ, ಕರ್ಣಾಟಕದ ಎಲ್ಲ ಸೀಮೆಗಳ ಮಕ್ಕಳನ್ನೂ ಸೇರಿಸಿ, ಕೋಲನ್ನು ಮತ್ತೆ ಕೊರೆಯುವ ವೆಚ್ಚವನ್ನು ಹೊರಬೇಕಾದವರು ಸರ್ಕಾರದವರು.

ಹಾಗೆ ಕೊರೆಯುವಾಗ ಮತ್ತೊಂದು ಅಪಾಯವಿದೆ. ಎಲ್ಲ ಸೀಮೆಗಳ ಮಕ್ಕಳನ್ನು ಅಳೆದವನ ಕೈಯಲ್ಲಿ ಜಾತಿವಾರು ಪಟ್ಟಿಯೂ ತಾನಾಗಿ ಸಿದ್ಧವಾಗುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮಕ್ಕಳ ಸರಾಸರಿಯು ಮೈಸೂರು ನಗರದ ಮಕ್ಕಳಿಗಿಂತ ಕೆಳಗಿದೆಯೆಂದು ಬಂದರೆ, ಅದು ಅಳೆದಿರುವುದು ಶಾಲೆಯ ದೂರವನ್ನು, ಉಪಾಧ್ಯಾಯರ ಅಭಾವವನ್ನು, ಪರೀಕ್ಷೆಯ ಭಾಷೆಯನ್ನು. ಮರುದಿನದ ಪತ್ರಿಕೆಯ ತಲೆಬರಹದಲ್ಲಿ ಮಾತ್ರ ‘ಸೋಲಿಗರ ಮಕ್ಕಳು’ ಎಂದೇ ಇರುತ್ತದೆ. ನಮ್ಮ ಕಸುಬಿನವರ ಹೊಣೆಯೂ ಇದರಲ್ಲಿ ಸಣ್ಣದಲ್ಲ. ಕಾಡಿನಲ್ಲಿ ಹತ್ತಾರು ಬಗೆಯ ಗೆಡ್ಡೆಗಳನ್ನು ಎಲೆ ನೋಡಿಯೇ ಗುರುತಿಸುವ ಮಗುವಿನ ಜಾಣತನಕ್ಕೆ ಈ ಕೋಲಿನಲ್ಲಿ ಗೀಟು ಇಲ್ಲ.

ಮನಸ್ಸನ್ನು ಅಳೆಯುವ ವಿದ್ಯೆಯು ಹೀಗೆ ಶಾಲೆಯಲ್ಲಿ ನಿಂತಾಗ ಕಳೆಯುವುದು ಒಂದು ಮಾಸಾಶನ; ಪೋಲೀಸ್ ಠಾಣೆಗೆ ಕಾಲಿಟ್ಟಾಗ ಕಳೆಯುವುದು ಸ್ವಾತಂತ್ರ್ಯ. ಈ ಶತಮಾನದ ಮೊದಲ ದಶಕದಲ್ಲಿ ನಮ್ಮ ಬೆಂಗಳೂರು ಇದಕ್ಕೆ ದೇಶದಲ್ಲಿಯೇ ಹೆಸರಾದ ಸ್ಥಳವಾಯಿತು. ಆಪಾದಿತರಿಗೆ ಮಂಪರಿನ ಮದ್ದನ್ನು ಚುಚ್ಚಿ, ಅರೆನಿದ್ದೆಯಲ್ಲಿ ಅವರು ಆಡಿದ ಮಾತುಗಳನ್ನು ಬರೆದುಕೊಳ್ಳುವ ಮಂಪರು ಪರೀಕ್ಷೆಗಾಗಿ ನಾನಾ ರಾಜ್ಯಗಳಿಂದ ಜನರನ್ನು ಇಲ್ಲಿಗೆ ಕರೆತಂದರು. ಛಾಪಾಕಾಗದದ ಮೋಸದಲ್ಲಿ ಸಿಕ್ಕಿಬಿದ್ದ ಖಾನಾಪುರದ ತೆಲಗಿಯು ಮಂಪರಿನಲ್ಲಿ ಬಡಬಡಿಸಿದ ಮಾತುಗಳು ದೂರದರ್ಶನದ ಖಾಸಗಿ ವಾಹಿನಿಗಳಲ್ಲಿ ಮನೆಮನೆಗೂ ಪ್ರಸಾರವಾದವು. ಆತನ ಅಪರಾಧ ದೊಡ್ಡದೆಂಬುದು ಬೇರೆ ಮಾತು. ಮದ್ದಿನ ಅಮಲಿನಲ್ಲಿರುವವನು ಆಡಿದ್ದೆಲ್ಲ ಸತ್ಯವೆಂಬುದಕ್ಕೆ ಶಾಸ್ತ್ರದಲ್ಲಿ ಆಧಾರವಿರಲಿಲ್ಲ. ಆತನು ಕೇಳುವವನ ಇಂಗಿತವನ್ನೂ, ತನ್ನ ಕಲ್ಪನೆಯನ್ನೂ ಸೇರಿಸಿ ಹೇಳಬಲ್ಲನು.

ಇದರ ಜೊತೆಗೆ ತಲೆಗೆ ತಂತಿಗಳನ್ನು ಜೋಡಿಸಿ, ಅಪರಾಧದ ವಾಕ್ಯಗಳನ್ನು ಕೇಳಿಸಿ, ಮಿದುಳಿನ ಅಲೆಗಳಿಂದ ‘ಅನುಭವದ ನೆನಪು’ ಇದೆಯೇ ಇಲ್ಲವೇ ಎಂದು ಹೇಳುವ ವಿಧಾನವೂ ಬಳಕೆಗೆ ಬಂದಿತು. ಅದನ್ನು ರೂಪಿಸಿದವರು ನಮ್ಮ ನಿಮ್ಹಾನ್ಸ್ ಸಂಸ್ಥೆಯಲ್ಲಿ ಹಿಂದೆ ಪ್ರಾಧ್ಯಾಪಕರಾಗಿದ್ದ ಸಿ. ಆರ್. ಮುಕುಂದನ್‌ರವರು. 2008ರ ಜೂನ್ ತಿಂಗಳಲ್ಲಿ ಪುಣೆಯ ನ್ಯಾಯಾಲಯವು ಕೊಲೆಯ ಮೊಕದ್ದಮೆಯೊಂದರಲ್ಲಿ ಈ ಪರೀಕ್ಷೆಯ ಫಲವನ್ನೂ ಆಧಾರವಾಗಿ ಎಣಿಸಿ ಯುವತಿಯೊಬ್ಬಳಿಗೆ ಜೀವಾವಧಿ ಶಿಕ್ಷೆಯನ್ನು ವಿಧಿಸಿತು. ಲೋಕದ ಪತ್ರಿಕೆಗಳೆಲ್ಲ ಬೆರಗಾಗಿ ಬರೆದವು. ಅದೇ ವರ್ಷ ನಿಮ್ಹಾನ್ಸಿನ ನಿರ್ದೇಶಕರಾಗಿದ್ದ ಡಾ. ಡಿ. ನಾಗರಾಜರವರ ಅಧ್ಯಕ್ಷತೆಯ ಸಮಿತಿಯು ಈ ವಿಧಾನವು ವೈಜ್ಞಾನಿಕವಲ್ಲವೆಂದೂ, ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಬಳಸತಕ್ಕದ್ದಲ್ಲವೆಂದೂ ಅಭಿಪ್ರಾಯಕೊಟ್ಟಿತು. ಒಂದೇ ಸಂಸ್ಥೆಯ ಪರಂಪರೆಯಿಂದ ವಿಧಾನವೂ ಬಂದಿತು, ಅದರ ಖಂಡನೆಯೂ ಬಂದಿತು. ವಿದ್ಯೆಯ ಆರೋಗ್ಯಕ್ಕೆ ಇದು ಒಳ್ಳೆಯ ಲಕ್ಷಣವೇ. ಆದರೆ ಖಂಡನೆ ಬರುವ ಮೊದಲೇ ಒಬ್ಬಳು ಸೆರೆಮನೆಯ ಒಳಗಿದ್ದಳು. ಆ ಮೇಲೆ ಮುಂಬಯಿಯ ಹೈಕೋರ್ಟು ಆಕೆಗೆ ಜಾಮೀನು ಕೊಟ್ಟಿತು.

2010ರ ಮೇ 5ರಂದು ಸರ್ವೋಚ್ಚ ನ್ಯಾಯಾಲಯವು ‘ಸೆಲ್ವಿ ಮತ್ತು ಕರ್ನಾಟಕ ರಾಜ್ಯ’ ಎಂಬ ಪ್ರಸಿದ್ಧ ವ್ಯಾಜ್ಯದಲ್ಲಿ, ಮಂಪರು ಪರೀಕ್ಷೆಯನ್ನಾಗಲಿ, ಸುಳ್ಳುಪತ್ತೆಯ ಯಂತ್ರವನ್ನಾಗಲಿ, ಮಿದುಳಿನ ಪರೀಕ್ಷೆಯನ್ನಾಗಲಿ ಯಾರ ಮೇಲೂ ಬಲಾತ್ಕಾರದಿಂದ ನಡೆಸತಕ್ಕದ್ದಲ್ಲವೆಂದು ತೀರ್ಪು ಕೊಟ್ಟಿತು. ತನ್ನ ವಿರುದ್ಧ ತಾನೇ ಸಾಕ್ಷಿಯಾಗದಿರುವ ಹಕ್ಕು ಬಾಯಿಗೆ ಮಾತ್ರವಲ್ಲ, ಮನಸ್ಸಿಗೂ ಉಂಟೆಂಬುದು ಅದರ ಸಾರ. ಆ ತೀರ್ಪಿನ ಹೆಸರಿನಲ್ಲಿ ನಮ್ಮ ರಾಜ್ಯದ ಹೆಸರಿರುವುದು ಹೆಮ್ಮೆಯ ಕಾರಣಕ್ಕಲ್ಲ. ನಮ್ಮ ಸರ್ಕಾರವು ಪ್ರತಿವಾದಿಯಾಗಿದ್ದುದರಿಂದ. ಇಷ್ಟಾದರೂ ಸ್ವಇಚ್ಛೆಯಿಂದ ಒಪ್ಪಿದವರ ಮೇಲೆ ಪರೀಕ್ಷೆ ನಡೆಸುವ ದಾರಿಯನ್ನು ನ್ಯಾಯಾಲಯವು ಮುಚ್ಚಲಿಲ್ಲ. ಪೋಲೀಸರ ವಶದಲ್ಲಿ ಕುಳಿತವನ ಸ್ವಇಚ್ಛೆಯು ಎಷ್ಟರ ಮಟ್ಟಿಗೆ ಸ್ವಂತದ್ದೆಂಬುದನ್ನು ವಾಚಕರೇ ಊಹಿಸಿಕೊಳ್ಳಲಿ.

ಇಷ್ಟು ಓದಿದವರು, ಹಾಗಾದರೆ ಮನಸ್ಸಿನ ವಿಷಯವನ್ನು ಯಾರೂ ಕೇಳಲೇಬಾರದೆಂದು ಈ ಪತ್ರಿಕೆಯವರು ಹೇಳುತ್ತಾರೆಯೇ ಎಂದು ಕೇಳಬಹುದು. ನಾವು ಹಾಗೆ ಹೇಳುವುದಿಲ್ಲ. ಕೇಳದಿರುವುದು ನಿರಪರಾಧವೆಂಬ ಭಾವನೆಯು ಸುಖವಾಗಿರುವವರದು. ನಿಮ್ಹಾನ್ಸಿನವರು 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ಮನೆಮನೆಗೆ ಹೋಗಿ ಕೇಳಿದ್ದರಿಂದಲೇ, ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಮಂದಿ ಮನೋವ್ಯಾಧಿಯಿಂದ ಬಳಲುತ್ತಿದ್ದಾರೆಂದೂ, ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ದೊರೆತಿಲ್ಲವೆಂದೂ ನಮಗೆ ತಿಳಿದಿದೆ. ಅದಕ್ಕೂ ಮೊದಲು, 1985ರಿಂದ 1990ರವರೆಗೆ ಅದೇ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯಲ್ಲಿ ಹಳ್ಳಿಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗದ ಪಾಠ ಹೇಳಿ, ಜಿಲ್ಲೆಯೊಳಗೇ ಮದ್ದು ಸಿಗುವಂತೆ ಪ್ರಯೋಗ ಮಾಡಿದರು. 1996ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿಯಾಯಿತು. ಅಲ್ಲಿಯೂ ಸಂಶೋಧಕರು ಬರೆದುಕೊಂಡು ಹೋದರು. ಆದರೆ ಬರೆದುಕೊಂಡದ್ದು ಗುಳಿಗೆಯಾಗಿ ಊರಿಗೆ ಮರಳಿತು. ಸಾಯುವ ಯೋಚನೆಯ ವಿಷಯ ಕೇಳಿದರೆ ಆ ಯೋಚನೆಯನ್ನೇ ಬಿತ್ತಿದಂತಾಗುವುದೆಂಬ ಭಯವೂ ಸಂಶೋಧನೆಯಲ್ಲಿ ನಿಂತಿಲ್ಲ. ಕೇಳಬಹುದು. ಆದರೆ ‘ಹೌದು’ ಎಂದವನ ಮುಂದೆ ಗುರುತು ಹಾಕಿ, ಮುಂದಿನ ಪ್ರಶ್ನೆಗೆ ಹೋಗುವವನು ಮನುಷ್ಯನಲ್ಲ. ಕೇಳುವ ಮೊದಲೇ ಆತನನ್ನು ಯಾವ ವೈದ್ಯರ ಬಳಿ ಕರೆದೊಯ್ಯುತ್ತೇನೆಂಬುದು ನಿಶ್ಚಯವಾಗಿರಬೇಕು. ಏನೂ ಇಲ್ಲದಿದ್ದರೆ 2022ರಿಂದ ನಡೆಯುತ್ತಿರುವ ಟೆಲಿ-ಮಾನಸದ 14416 ಎಂಬ ಸಂಖ್ಯೆಯನ್ನಾದರೂ ಆತನ ಕೈಗೆ ಕೊಟ್ಟು ಬರಬೇಕು.

ನಿಜವಾಗಿ ಬಗೆಹರಿಯದ ಸಂಕಟವು ಬೇರೆ ಕಡೆ ಇದೆ. 2022ರ ನವೆಂಬರಿನಲ್ಲಿ ಇದೇ ಚಾಮರಾಜನಗರ ತಾಲ್ಲೂಕಿನ ಹೆಗ್ಗೋಠಾರದಲ್ಲಿ, ಮದುವೆಗೆ ಬಂದ ದಲಿತ ಮಹಿಳೆಯೊಬ್ಬರು ಮೇಲ್ಜಾತಿಯವರ ಬೀದಿಯ ತೊಂಬೆಯ ನಲ್ಲಿಯಲ್ಲಿ ನೀರು ಕುಡಿದರೆಂದು, ತೊಂಬೆಯನ್ನು ಬರಿದುಮಾಡಿ ಗೋಮೂತ್ರದಿಂದ ತೊಳೆದರೆಂಬ ದೂರು ನಾಡಿನ ತಲೆ ತಗ್ಗಿಸಿತು. ಪೋಲೀಸರು ಮೊಕದ್ದಮೆ ಹೂಡಿದರು. ಮನುಷ್ಯನ ಮನಸ್ಸಿನಲ್ಲಿ ಈ ಮೈಲಿಗೆಯ ಭಾವನೆ ಹೇಗೆ ಬೇರೂರುತ್ತದೆ, ಹೇಗೆ ಕೀಳಬಹುದು ಎಂಬುದನ್ನು ಯಾರಾದರೂ ಮನಶ್ಶಾಸ್ತ್ರಜ್ಞರು ಅಭ್ಯಸಿಸಬೇಕಲ್ಲವೇ? ಅವಶ್ಯವಾಗಿ ಅಭ್ಯಸಿಸಬೇಕು. ಆದರೆ ಆ ಬೀದಿಯವರು ಸತ್ಯವನ್ನು ಹೇಳಿದರೆ ಅದು ಅಪರಾಧದ ಒಪ್ಪಿಗೆಯಾಗಬಹುದು. ಈ ಬೀದಿಯವರು ಸತ್ಯವನ್ನು ಹೇಳಿದರೆ ಮರುದಿನದ ಕೂಲಿ ತಪ್ಪಬಹುದು. ಸಂಶೋಧಕನು ವಾರದಲ್ಲಿ ಬೆಂಗಳೂರಿಗೆ ಹಿಂದಿರುಗುತ್ತಾನೆ. ಉತ್ತರ ಹೇಳಿದ ಕೂಲಿಯಾಳು ಅದೇ ಜಮೀನ್ದಾರನ ಹೊಲಕ್ಕೆ ಹೋಗಬೇಕು. ಹೆಸರನ್ನು ಅಳಿಸಿ ‘ಚಾಮರಾಜನಗರ ತಾಲ್ಲೂಕಿನ ಒಂದು ಗ್ರಾಮ’ ಎಂದು ಅಚ್ಚುಮಾಡಿದರೂ ಆ ಗ್ರಾಮ ಯಾವುದೆಂಬುದು ಅಲ್ಲಿಯವರಿಗೆಲ್ಲ ಗೊತ್ತು.

ಮಕ್ಕಳ ವಿಷಯದಲ್ಲಂತೂ ಕಾಯಿದೆಯೇ ಸಂಶೋಧಕನ ಬಾಯಿಯನ್ನು ಬಿಡಿಸುತ್ತದೆ. 2012ರ ಪೋಕ್ಸೋ ಕಾಯಿದೆಯ 19ನೆಯ ಪ್ರಕರಣದಂತೆ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದುದನ್ನು ತಿಳಿದವನು ಯಾರೇ ಆಗಲಿ ಪೋಲೀಸರಿಗೆ ತಿಳಿಸತಕ್ಕದ್ದು. ತಿಳಿಸದಿದ್ದರೆ ಅವನಿಗೇ ಶಿಕ್ಷೆ. ಇದು ಮಗುವಿನ ರಕ್ಷಣೆಗಾಗಿ ಮಾಡಿದ ಒಳ್ಳೆಯ ಕಾಯಿದೆ. ಆದರೆ ಹದಿನಾರರಲ್ಲಿ ಮದುವೆಯಾಗಿ ಕೈಗೂಸನ್ನು ಎತ್ತಿಕೊಂಡಿರುವ ಹುಡುಗಿಯ ಮುಂದೆ ಕುಳಿತು, ನೀನು ಹೇಳಿದ್ದನ್ನು ಯಾರಿಗೂ ಹೇಳುವುದಿಲ್ಲವೆಂದು ಭಾಷೆ ಕೊಟ್ಟು, ಮದುವೆಯಾದಾಗ ನಿನಗೆಷ್ಟು ವಯಸ್ಸು, ನಿನ್ನ ಮನಸ್ಸು ಹೇಗಿತ್ತು ಎಂದು ಕೇಳುವ ಸಂಶೋಧಕಿಯು ತಾನು ಪಾಲಿಸಲಾಗದ ಭಾಷೆಯನ್ನು ಕೊಟ್ಟಂತಾಯಿತು. ಹೇಳಿದರೆ ಹುಡುಗಿಯ ಗಂಡನು ಸೆರೆಮನೆಗೆ, ಹುಡುಗಿಯು ಬೀದಿಗೆ. ಹೇಳದಿದ್ದರೆ ಕಾಯಿದೆಗೆ ದ್ರೋಹ. ಒಮ್ಮೊಮ್ಮೆ, ನಿಜವಾಗಿ ಹಿಂಸೆಯಲ್ಲಿರುವ ಮಗುವಿಗೂ ದ್ರೋಹ. ಈ ಇಕ್ಕಟ್ಟಿಗೆ ಹಾವೂ ಸಾಯದ ಕೋಲೂ ಮುರಿಯದ ಉಪಾಯವನ್ನು ನಾವು ಕಾಣೆವು. ಒಂದು ಮಾತ್ರ ಖಂಡಿತ: ಯಾವ ಗುಟ್ಟನ್ನು ಕಾಯಬಲ್ಲೆ, ಯಾವುದನ್ನು ಕಾಯಲಾರೆ ಎಂಬುದನ್ನು ಪ್ರಶ್ನೆಗೆ ಮೊದಲೇ ಹುಡುಗಿಗೆ ಅವಳ ಮಾತಿನಲ್ಲಿಯೇ ತಿಳಿಸಬೇಕು. ಅದರಿಂದ ಉತ್ತರಗಳು ಕಡಿಮೆಯಾಗುವುವೆಂದು ಅಧ್ಯಾಪಕರು ಗೊಣಗಿದರೆ, ಗೊಣಗಲಿ.

ಈಗಿರುವ ನಿಯಮಗಳು ಎಲ್ಲಿ ನಿಲ್ಲುತ್ತವೆಂಬುದನ್ನು ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿಯು ಆರೋಗ್ಯಕ್ಕೆ ಸಂಬಂಧಿಸಿದ ಸಾಮಾಜಿಕ ಸಂಶೋಧನೆಯನ್ನೂ ಒಳಗೊಳ್ಳುತ್ತದೆ, ಸಮುದಾಯದ ಮಾತನ್ನೂ ಎತ್ತುತ್ತದೆ. ಆದರೆ ಆರೋಗ್ಯದ ಹೆಸರಿಲ್ಲದೆ ಬುದ್ಧಿ, ಸ್ವಭಾವ, ಪೂರ್ವಗ್ರಹಗಳನ್ನು ಕೇಳುತ್ತ ಹೋಗುವ ಪ್ರಶ್ನಾವಳಿಗಳು ಅದರ ಬೇಲಿಯ ಹೊರಗೆ ಉಳಿಯುವುದು ಸುಲಭ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯು ಸಂಶೋಧನೆಗೆ ವಿನಾಯಿತಿಯನ್ನೇ ಕೊಟ್ಟಿದೆ. ಬಂದ ಮಾಹಿತಿಯಿಂದ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ನಿರ್ಧಾರ ಕೈಗೊಳ್ಳಬಾರದೆಂಬುದು ಅದರ ಮುಖ್ಯ ನಿರ್ಬಂಧ. ಒಂದು ಜಾತಿಯ ಬಗ್ಗೆ, ಒಂದು ಕೇರಿಯ ಬಗ್ಗೆ ನಿರ್ಧಾರ ಕೈಗೊಂಡರೆ? ಅದಕ್ಕೆ ಅಲ್ಲಿ ಮಾತಿಲ್ಲ.

ಈ ಲೋಪದಿಂದ ನೊಂದ ಜನರು ಹೊರದೇಶಗಳಲ್ಲಿದ್ದಾರೆ. ಅಮೆರಿಕೆಯ ಅರಿಜೋನಾದ ಹವಸುಪಾಯಿ ಎಂಬ ಸಣ್ಣ ಬುಡಕಟ್ಟಿನವರು 1990ರ ಹೊತ್ತಿಗೆ ಸಕ್ಕರೆ ಕಾಯಿಲೆಯ ಸಂಶೋಧನೆಗೆಂದು ನಂಬಿ ವಿಶ್ವವಿದ್ಯಾನಿಲಯದವರಿಗೆ ತಮ್ಮ ರಕ್ತವನ್ನು ಕೊಟ್ಟರು. ಅದೇ ರಕ್ತವನ್ನು ಅವರಿಗೆ ತಿಳಿಸದೆ ಚಿತ್ತವಿಕಲತೆಯ ಅಧ್ಯಯನಕ್ಕೂ, ಅವರ ಪೂರ್ವಿಕರು ಎಲ್ಲಿಂದ ಬಂದರೆಂಬ ಶೋಧನೆಗೂ ಬಳಸಿದರು. ಹುಚ್ಚಿನ ಕಳಂಕವೂ, ತಮ್ಮ ಪುರಾಣಕ್ಕೆ ವಿರುದ್ಧವಾದ ಮೂಲವೂ ಅವರ ಕೊರಳಿಗೆ ಬಿದ್ದವು. ವ್ಯಾಜ್ಯ ನಡೆದು 2010ರಲ್ಲಿ ವಿಶ್ವವಿದ್ಯಾನಿಲಯವು ಏಳು ಲಕ್ಷ ಡಾಲರುಗಳನ್ನು ತೆತ್ತು ಉಳಿದ ರಕ್ತವನ್ನು ಹಿಂದಿರುಗಿಸಿತು. 2017ರಲ್ಲಿ ದಕ್ಷಿಣ ಆಫ್ರಿಕದ ಸಾನ್ ಜನರು ತಾವೇ ಸಂಶೋಧಕರಿಗಾಗಿ ನಿಯಮಾವಳಿಯೊಂದನ್ನು ಬರೆದು, ನಮ್ಮ ಬಳಿ ಬರುವವರು ಇದಕ್ಕೆ ಒಪ್ಪಿ ಬರಲಿ ಎಂದರು. ಅದರಲ್ಲಿ ಬೇಡಿದ್ದು ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ ಮತ್ತು ತಮ್ಮವರ ಅನುಮತಿಯ ಕ್ರಮ. ಇವುಗಳಲ್ಲಿ ವಿದ್ವಾಂಸರಿಗೆ ಅಸಾಧ್ಯವಾದದ್ದು ಯಾವುದೂ ಇಲ್ಲ.

ನಮ್ಮ ಸೋಲಿಗರು ಇಷ್ಟನ್ನು ಮಾಡಲಾರದವರೇ? 2006ರ ಅರಣ್ಯಹಕ್ಕುಗಳ ಕಾಯಿದೆಯನ್ನು ಹಿಡಿದು, 2011ರ ಅಕ್ಟೋಬರಿನಲ್ಲಿ ಬಿಳಿಗಿರಿರಂಗನ ಬೆಟ್ಟದ ಇಪ್ಪತ್ತೈದು ಗ್ರಾಮಸಭೆಗಳವರು ಹುಲಿಗಳ ಅಭಯಾರಣ್ಯದೊಳಗೇ ಸಮುದಾಯದ ಹಕ್ಕುಗಳನ್ನು ಪಡೆದುಕೊಂಡರು. ಅದು ದೇಶಕ್ಕೇ ಮೇಲ್ಪಂಕ್ತಿಯಾಯಿತು. ಅದೇ ಕಾಯಿದೆಯಲ್ಲಿ, ಅವರ ಸಾಂಪ್ರದಾಯಿಕ ಜ್ಞಾನದ ಮೇಲೆ ಸಮುದಾಯಕ್ಕೆ ಹಕ್ಕುಂಟೆಂದು ಬರೆದಿದೆ. ನೆಲ್ಲಿಕಾಯಿಯ ಮೇಲೆ, ಜೇನಿನ ಮೇಲೆ, ಗಿಡಮೂಲಿಕೆಯ ತಿಳಿವಿನ ಮೇಲೆ ಗ್ರಾಮಸಭೆಯ ಮಾತು ನಡೆಯುವುದಾದರೆ, ಅವರ ಮಕ್ಕಳ ಮನಸ್ಸಿನ ಮೇಲಣ ಅಂಕಿಗಳ ಬಗ್ಗೆ ಏಕೆ ನಡೆಯಬಾರದು? ಕುದೇರಿಗೆ ಈ ಕಾಯಿದೆಯ ಹಕ್ಕಿಲ್ಲದಿದ್ದರೂ ಅಲ್ಲಿಗೂ ಗ್ರಾಮಸಭೆಯಿದೆ. ಹಾಲು ಹಾಕುವ ರೈತನು ಡೈರಿಯಲ್ಲಿ ತನ್ನ ಹಾಲಿನ ಕೊಬ್ಬಿನ ಅಂಕಿಯನ್ನು ಕೇಳಿ ತಿಳಿದುಕೊಂಡೇ ಹಣ ಎಣಿಸುತ್ತಾನೆ. ಅಂಕಿ ಸರಿಯಿಲ್ಲವೆನಿಸಿದರೆ ಅಲ್ಲಿಯೇ ಜಗಳವಾಡುತ್ತಾನೆ. ತನ್ನ ಊರಿನ ಮನಸ್ಸಿನಿಂದ ತೆಗೆದ ಅಂಕಿಯನ್ನು ಮಾತ್ರ ಅವನು ಎಂದೂ ನೋಡುವುದಿಲ್ಲ.

ಗುಂಪಿನ ಒಪ್ಪಿಗೆ ಎಂದರೆ ಊರಿನ ನಾಲ್ಕು ಮಂದಿ ದೊಡ್ಡವರ ಒಪ್ಪಿಗೆಯೆಂದಾಗುವ ಅಪಾಯವನ್ನು ನಾವು ಬಲ್ಲೆವು. ಹೆಗ್ಗೋಠಾರದಂಥ ವಿಷಯವನ್ನು ಅಭ್ಯಸಿಸಲು ಮೇಲುಬೀದಿಯ ಯಜಮಾನರ ಅಪ್ಪಣೆ ಬೇಕೆಂದರೆ ಆ ಅಭ್ಯಾಸವೇ ಎಂದಿಗೂ ನಡೆಯದು; ಗಂಡಸರ ಸಭೆಯ ಒಪ್ಪಿಗೆ ಬೇಕೆಂದರೆ ಹೊಡೆತ ತಿನ್ನುವ ಹೆಂಗಸಿನ ಮಾತು ಹೊರಗೇ ಬಾರದು. ಆದುದರಿಂದ ತಡೆಯುವ ಅಧಿಕಾರವನ್ನು ಊರಿಗೆ ಕೊಡಬೇಕೆಂದು ನಾವು ಹೇಳುವುದಿಲ್ಲ. ಪ್ರಶ್ನೆಗಳು ಯಾರ ಮೇಲೆ ಬೀಳುತ್ತವೆಯೋ ಆ ಜನರು, ಎಂದರೆ ಆ ಕೇರಿಯವರು, ಆ ಹೆಂಗಸರು, ಆ ಮಕ್ಕಳ ತಾಯಿತಂದೆಯರು, ಅವನ್ನು ಮೊದಲು ಓದಿಸಿ ಕೇಳಬೇಕು. ‘ಈ ಪ್ರಶ್ನೆಯೇ ತಪ್ಪು’ ಎಂದು ಅವರು ಹೇಳಿದರೆ ಅದನ್ನು ವರದಿಯಲ್ಲಿ ಅಚ್ಚುಮಾಡಬೇಕು. ನಮ್ಮ ವಿಶ್ವವಿದ್ಯಾನಿಲಯಗಳ ನೀತಿ ಸಮಿತಿಗಳಲ್ಲಿ ಹೊರಗಿನ ಸದಸ್ಯರೆಂದು ನಗರದ ನಿವೃತ್ತರೊಬ್ಬರನ್ನು ಕೂರಿಸಿದರೆ ಸಾಲದು. ಯಾರನ್ನು ಕುರಿತ ಸಂಶೋಧನೆಯೋ ಅವರಲ್ಲಿ ಇಬ್ಬರಾದರೂ ಆ ದಿನದ ಸಭೆಯಲ್ಲಿರಬೇಕು, ಅವರ ಕೂಲಿಯ ನಷ್ಟವನ್ನೂ ಬಸ್ಸಿನ ಛಾರ್ಜನ್ನೂ ತುಂಬಿಕೊಡಬೇಕು.

ಸಂಶೋಧನೆಯ ಫಲವು ಇಂಗ್ಲಿಷಿನ ನಿಯತಕಾಲಿಕಕ್ಕೆ ಹೋಗುವ ಮೊದಲು, ಎರಡು ಪುಟದ ಸುಲಭ ಕನ್ನಡದಲ್ಲಿ ಗ್ರಾಮ ಪಂಚಾಯ್ತಿಗೂ ಶಾಲೆಗೂ ಬರಬೇಕು. ಸಂಶೋಧಕರೇ ಬಂದು ಅದನ್ನು ಓದಿ ಹೇಳಿ, ಜನರ ಆಕ್ಷೇಪಗಳನ್ನು ಬರೆದುಕೊಳ್ಳಬೇಕು. ಮೈಸೂರು ಮತ್ತು ಚಾಮರಾಜನಗರದ ವಿಶ್ವವಿದ್ಯಾನಿಲಯಗಳವರು ಇದನ್ನು ಪದವಿಯ ನಿಯಮವಾಗಿಯೇ ಸೇರಿಸಬಹುದು. ಇದಕ್ಕೆ ದೆಹಲಿಯಿಂದ ಕಾಯಿದೆ ಬರಬೇಕಾಗಿಲ್ಲ, ಒಂದು ಸುತ್ತೋಲೆ ಸಾಕು. ಹಾಗೆ ಓದಿ ಹೇಳಿದ ದಿನ, ಜಗಲಿಯ ಮೇಲಿನ ಮುದುಕಿಯು ಎದ್ದು ಬಂದು, ಇದರಲ್ಲಿ ನಾನು ಹೇಳಿದ್ದು ಯಾವುದೆಂದು ತೋರಿಸು ಎಂದರೆ, ವಿದ್ವಾಂಸರು ಪುಟವನ್ನು ತಿರುಗಿಸಿ ತೋರಿಸಲು ಸಿದ್ಧರಾಗಿರಬೇಕು.